ಫಾರಂ ಕೇಳದ ಪ್ರಶ್ನೆಗೆ ಉತ್ತರ

ಕಳೆದ ವರ್ಷ ನಾನು ಕೋಲಾರದ ಒಂದು ಕಚೇರಿಯಲ್ಲಿ ಗುತ್ತಿಗೆ ಆಧಾರದ ಮೇಲೆ ಕೆಲಸಕ್ಕಿದ್ದೆ. ಶಾಲಾ ಮಕ್ಕಳ ಕಲಿಕೆಯನ್ನು ಅಳೆಯಲು ಕೆಲವು ವರ್ಷಗಳಿಗೊಮ್ಮೆ ದೇಶದಾದ್ಯಂತ ನಡೆಯುವ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಶಾಲೆಗಳಿಗೆ ಮುಟ್ಟಿಸಲು ಖಾಸಗಿ ವಾಹನದವರು ಬೇಕಾಗಿದ್ದರು. ಅರ್ಜಿ ಹಾಕಿದವರನ್ನು ಪರಿಶೀಲಿಸುವುದು ನನ್ನ ಕೆಲಸ. ಅವರು ತುಂಬುವ ಫಾರಂ ಸಿದ್ಧಪಡಿಸಿದ್ದೂ ನಾನೇ.

ಮುಳಬಾಗಿಲು ದಾರಿಗೆ ನಾರಾಯಣಪ್ಪ ಎಂಬುವರು ಆಯ್ಕೆಯಾಗಿದ್ದರು. ಐವತ್ತು ದಾಟಿದವರು. ತಮ್ಮ ವ್ಯಾನಿನಲ್ಲಿ ರೇಷ್ಮೆಗೂಡು ಸಾಗಿಸುತ್ತಿದ್ದರು. ಬಿಸಿಲಿಗೆ ಗೂಡು ಕೆಡುತ್ತದೆಂದು ದಾರಿಯಲ್ಲಿ ಟೀಗೂ ನಿಲ್ಲಿಸದ ಅಭ್ಯಾಸ ಅವರದು. ವಿಮೆ, ಲೈಸೆನ್ಸು, ಪೊಲೀಸ್ ವರದಿ ಎಲ್ಲವೂ ಸರಿಯಾಗಿದ್ದವು. 'ಪರೀಕ್ಷೆ ಬರೆಯುವ ತರಗತಿಯಲ್ಲಿ ನಿಮ್ಮ ಮಕ್ಕಳಿದ್ದಾರೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದರು. ಈ ಕೆಲಸಕ್ಕೆಂದೇ ವ್ಯಾನಿಗೆ ಹೊಸ ಬಾಗಿಲು ಹಾಕಿಸಿದ್ದರು.

ಸಹಿ ಹಾಕುವ ದಿನ, ಒಪ್ಪಂದದ ಜೊತೆಗಿದ್ದ ಶಾಲೆಗಳ ಪಟ್ಟಿಯನ್ನು ಬೆರಳಿಟ್ಟು ಓದಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಮೇಡಂ, ಒಂದ್ ಮಾತು. ಆವನಿ ಹತ್ರದ ಈ ಸ್ಕೂಲಲ್ಲಿ ನಮ್ಮ ತಂಗಿ ಮಗಳು ಒಂಬತ್ನೇ ಕ್ಲಾಸು. ನೀವು ಮಕ್ಕಳು ಅಂತ ಕೇಳಿದ್ರಿ, ಇಲ್ಲ ಅಂದೆ. ಆದ್ರೆ ಸೋದರಮಾವ ನಾನೇ. ಅವಳು ದೊಡ್ಡೋಳಾದಾಗ ಹಸಿರು ಗುಡ್ಲು ಕಟ್ಟಿದ್ದು ಈ ಕೈನೇ. ಆ ಪೇಪರ್ ಪೆಟ್ಟಿಗೆ ನಾನು ಮುಟ್ಟೋದು ಸರಿಯಲ್ಲ."

ಪಕ್ಕದ ಮೇಜಿನ ಹಿರಿಯ ಗುಮಾಸ್ತ ಶಿವಣ್ಣ ನಕ್ಕರು. "ಏನಪ್ಪಾ, ಫಾರಂ ಕೇಳ್ದೇ ಇರೋದಕ್ಕೂ ಉತ್ತರ ಕೊಡ್ತೀಯಲ್ಲ! ಪರೀಕ್ಷೆ ನಿಂಗೋ, ಹುಡುಗಿಗೋ? ಸುಮ್ನೆ ಸೈನ್ ಹಾಕು. ಪೆಟ್ಟಿಗೆಗೆ ಸೀಲ್ ಇರುತ್ತೆ."

"ಸೀಲು ಪೆಟ್ಟಿಗೆಗೆ ಸಾರ್, ಊರೋರ ಬಾಯಿಗಲ್ಲ. ಹುಡುಗಿ ಚೆನ್ನಾಗಿ ಓದ್ತಾಳೆ. ನಾಳೆ ಚೆನ್ನಾಗಿ ಬರೆದ್ರೆ, ಮಾವ ಪೇಪರ್ ತಂದ್ಕೊಟ್ಟ ಅಂತಾರೆ. ಅವಳಿಗ್ಯಾಕೆ ಆ ಮಾತು?"

ಶಿವಣ್ಣ ತಮ್ಮ ಕಡತಕ್ಕೆ ತಿರುಗಿದರು. ನನ್ನ ಮುಖ ಬಿಸಿಯಾಯಿತು. ನಮ್ಮ ಮನೆಯಲ್ಲೂ ಸೋದರಮಾವನಿಲ್ಲದೆ ಹೆಣ್ಣುಮಕ್ಕಳ ಒಂದು ಶುಭಕಾರ್ಯವೂ ನಡೆಯುವುದಿಲ್ಲ. ಅದು ಗೊತ್ತಿದ್ದೂ ಫಾರಂನಲ್ಲಿ ಸ್ವಂತ ಮಕ್ಕಳ ಬಗ್ಗೆ ಮಾತ್ರ ಕೇಳಿದ್ದೆ. ಒಳಗೆ ಹೋಗಿ ಅಧಿಕಾರಿಯವರಿಗೆ ನನ್ನ ತಪ್ಪು ಹೇಳಿದೆ. "ಉಳಿದವರನ್ನೂ ಇನ್ನೊಂದ್ ಸಲ ಕೇಳಮ್ಮ" ಎಂದರು. ಮಾಲೂರು, ಶ್ರೀನಿವಾಸಪುರ ದಾರಿಯವರಿಗೆ ಅಂಥ ತೊಡಕಿರಲಿಲ್ಲ. ಅವರೆಲ್ಲ ಆಗಲೇ ಸಹಿ ಹಾಕಿದ್ದರಿಂದ ನಾರಾಯಣಪ್ಪನವರಿಗೆ ಕೊಡಲು ಬೇರೆ ಊರಿನ ದಾರಿ ಯಾವುದೂ ಉಳಿದಿರಲಿಲ್ಲ. ಮುಳಬಾಗಿಲು ಇನ್ನೊಬ್ಬರ ಪಾಲಾಯಿತು.

"ಮುಂದಿನ ಸಲ ಕರೀರಿ ಮೇಡಂ. ಅಷ್ಟೊತ್ತಿಗೆ ಅವಳು ಕಾಲೇಜಲ್ಲಿರ್ತಾಳೆ" ಎಂದು ನಗುತ್ತಲೇ ಹೊರಟರು. ಹೊಗಳುವ ಮಾತು ನನಗೆ ಸುಲಭವಾಗಿ ಬರುವುದಿಲ್ಲ. "ಆಗಲಿ" ಎಂದಷ್ಟೇ ಅಂದೆ. ಅವರು ಮೆಟ್ಟಿಲಿಳಿಯುವವರೆಗೂ ಎದ್ದು ನಿಂತಿದ್ದೆ. ಅವರು ಹಿಂತಿರುಗಿ ನೋಡಲಿಲ್ಲ.

ಆ ಫಾರಂನಲ್ಲಿ ಈಗ ಒಡಹುಟ್ಟಿದವರ ಮಕ್ಕಳ ಬಗ್ಗೆಯೂ ಒಂದು ಸಾಲಿದೆ. ಬೇರೆ ಜಿಲ್ಲೆಯವರು ಅದನ್ನು ತರಿಸಿಕೊಂಡು, "ಎಷ್ಟು ಯೋಚನೆ ಮಾಡಿದ್ದೀರಿ!" ಎಂದು ಫೋನಿನಲ್ಲಿ ಮೆಚ್ಚಿದರು. ನಾನು ಥ್ಯಾಂಕ್ಸ್ ಹೇಳಿ ಸುಮ್ಮನಾದೆ. ಆ ಸಾಲು ನನ್ನದಲ್ಲ, ನಾರಾಯಣಪ್ಪನವರದು ಎಂದು ಆಗಲೇ ಹೇಳಬೇಕಿತ್ತು. ಇಲ್ಲಿ ಹೇಳುತ್ತಿದ್ದೇನೆ.