ಮುತ್ಯಾಲಮ್ಮನ ಕಲ್ಲು

ದಪ್, ದಪ್ ಎಂದು ಬಟ್ಟೆ ಕಲ್ಲಿಗೆ ಬೀಳುವ ಸದ್ದು ಹೊಸಕೋಟೆ ಕೆರೆಯಂಚಿನ ಸಾಲುಮನೆಗಳಿಗೆ ಹೊಸದಲ್ಲ. ಬೆಂಗಳೂರಿನ ಕಾರ್ಖಾನೆ ಬಸ್ಸಿಗೆ ಓಡುವ ಗಂಡಸರು ಏಳುತ್ತಿದ್ದುದೇ ಆ ಸದ್ದಿಗೆ. ಆದರೆ ಆವತ್ತು ಅದು ಕೆರೆಯ ಕಡೆಯಿಂದ ಬರಲಿಲ್ಲ. ಸಂಜೀವಪ್ಪನ ಹೊಸ ಮನೆಯ ಬಾಗಿಲಲ್ಲೇ ಕೇಳಿಸಿತು.

ಸಂಜೀವಪ್ಪ ಬನಿಯನ್ನಿನಲ್ಲೇ ಹೊರಗೆ ಬಂದ. ಅಗಸರ ಮುತ್ಯಾಲಮ್ಮ ಸೀರೆ ಎತ್ತಿಕಟ್ಟಿ, ಅವನ ಬಾಗಿಲ ಮೆಟ್ಟಿಲ ಮೇಲೆ ಅವನದೇ ಪಂಚೆಯನ್ನು ಬಡಿಯುತ್ತಿದ್ದಳು. ಪಕ್ಕದಲ್ಲಿ ಕೆರೆಯಿಂದ ಹೊತ್ತು ತಂದ ನೀರಿನ ಕೊಡ.

"ಇದೇನಮ್ಮಾ, ಬಾಗ್ಲಲ್ಲಿ?"

"ನನ್ ಕಲ್ಲು ಎಲ್ಲೈತೋ ಅಲ್ಲೇ ತಾನೇ ನಾನು ಒಗೆಯೋದು."

ಸಾವಿರದ ಒಂಬೈನೂರ ಎಪ್ಪತ್ತೆರಡರ ಆ ಬೇಸಿಗೆಯಲ್ಲಿ ಅವಳು ಮಗಳ ಬಾಣಂತನಕ್ಕೆಂದು ದೇವನಹಳ್ಳಿಗೆ ಹೋಗಿದ್ದಳು. ಕೆರೆ ಹಿಂದೆ ಸರಿದು, ಅವಳ ಒಗೆಯುವ ಕಲ್ಲು ಒಣಮಣ್ಣಿನಲ್ಲಿ ಒಂಟಿಯಾಗಿ ಬಿದ್ದಿತ್ತು. ಸಾಲಿಗೆ ಹೊಸಬನಾದ ಸಂಜೀವಪ್ಪನಿಗೆ ಅದು ಯಾರೋ ಬಿಟ್ಟುಹೋದ ಚಪ್ಪಡಿಯಂತೆ ಕಂಡಿತು. ಎಷ್ಟು ನುಣುಪು ಎಂದು ಮೇಸ್ತ್ರಿಯೂ ಹೊಗಳಿದ. ಗೃಹಪ್ರವೇಶದ ಹೊತ್ತಿಗೆ ಅದು ಮೆಟ್ಟಿಲಾಗಿತ್ತು.

ಆ ನುಣುಪು ಬಂದದ್ದು ಮುತ್ಯಾಲಮ್ಮನ ಅತ್ತೆಯ ಕೈಯಿಂದ, ಆಮೇಲೆ ಅವಳ ಕೈಯಿಂದ. ದೇವನಹಳ್ಳಿಯಿಂದ ಮರಳಿದವಳು ಬೇರೆ ಕಲ್ಲಿನ ಮೇಲೆ ಒಗೆದು ನೋಡಿದ್ದಳು. ಹೆಗಲು ಹಿಡಿಯಿತು, ಯಾರದೋ ರವಿಕೆ ಹರಿಯಿತು. ಹೀಗೇ ಆದರೆ ಸಾಲಿನವರು ಬಟ್ಟೆಯ ಗಂಟು ಕೊಡುವುದನ್ನೇ ಬಿಟ್ಟಾರು ಎಂದು ಅವಳಿಗೆ ದಿಗಿಲು.

"ಅರಿಶಿನ ಕುಂಕುಮ ಇಟ್ಟಿರೋ ಮೆಟ್ಲು ಕಣಮ್ಮ. ಕಿತ್ರೆ ಮನೆಗೆ ಒಳ್ಳೇದಲ್ಲ."

"ನಾನೂ ವರ್ಷಾ ವರ್ಷಾ ಇದಕ್ಕೆ ಕಾಯಿ ಒಡ್ದಿವ್ನಿ."

"ನಿಂಗೆ ಕೆರೆ ಹತ್ರ ಸಿಮೆಂಟಿಂದು ಒಂದು ಹಾಕಿಸ್ತೀನಿ."

"ಹಾಕಿಸ್ಕೊಳ್ಳಿ, ನಿಮ್ ಬಾಗ್ಲಿಗೆ."

ಒಳಗಿನಿಂದ ಅವನ ಹೆಂಡತಿ ಅಶ್ವತ್ಥಮ್ಮ ನಕ್ಕಳು. "ಒಪ್ಕೊಂಬಿಡಿ. ಇಲ್ದಿದ್ರೆ ನಾಳೆ ಬಟ್ಟೆ ಬೇಯಿಸೋ ಒಲೇನೂ ಇಲ್ಲೇ ಹೂಡ್ತಾಳೆ."

ಅವನು ಒಪ್ಪಲಿಲ್ಲ. ಮುತ್ಯಾಲಮ್ಮ ದಿನವೂ ಬಂದಳು. ಸಂಜೀವಪ್ಪ ಬುತ್ತಿ ಹಿಡಿದು ಒದ್ದೆ ಬಟ್ಟೆಯ ರಾಶಿ ದಾಟಿ ಬಸ್ಸಿಗೆ ಓಡಿದ. "ಏನಪ್ಪಾ, ಕೆರೇನೇ ಮನೆಗೆ ಬಂದ್ಬಿಡ್ತಾ?" ಎಂದು ಸಾಲಿನವರೆಲ್ಲ ಕೇಳಿದರು. ಅವಳು ಮಾತ್ರ ಹೋಗುವ ಮುಂಚೆ ಮೆಟ್ಟಿಲು ತೊಳೆದು, ಅಶ್ವತ್ಥಮ್ಮನಿಂದ ಹಿಟ್ಟು ಈಸಿಕೊಂಡು ರಂಗೋಲಿ ಎಳೆದು ಹೋಗುತ್ತಿದ್ದಳು. ಆ ರಂಗೋಲಿಯೇ ಸಂಜೀವಪ್ಪನನ್ನು ಸೋಲಿಸಿತೋ ಏನೋ. ಭಾನುವಾರ ತಾನೇ ಹೋಗಿ ಕೂಲಿಯಾಳು ಚಿಕ್ಕಬೀರಪ್ಪನನ್ನೂ ಅವನ ಜೊತೆಗಾರರನ್ನೂ ಹಾರೆ ಸಮೇತ ಕರೆತಂದ.

ಕಲ್ಲು ಎದ್ದಿತು. ಹಗ್ಗ ಬಿಗಿದು, ಬೊಂಬು ತೂರಿಸಿ, ಹೆಗಲ ಮೇಲೆ ಎತ್ತಿದರು.

ಬಾಗಿಲಲ್ಲಿ ಉಳಿದ ಗುಂಡಿಯನ್ನು ನೋಡುತ್ತ ಸಂಜೀವಪ್ಪ ಕೇಳಿದ: "ಅಲ್ಲಮ್ಮ, ಈಗ ಇಲ್ಲಿಗೇನು ಹಾಕ್ಲಿ? ನಿಂಗೆ ಕಲ್ಲು ಗೊತ್ತಾಗುತ್ತೆ, ನೀನೇ ಒಂದು ನೋಡಿ ಹೇಳು. ಸ್ವಲ್ಪ ಅಗಲವಾಗಿರೋದೇ ಆದ್ರೆ..."

"ಲೇ ಚಿಕ್ಕಬೀರಪ್ಪ, ಮೆಲ್ಲಗೆ ಕಣೋ," ಎನ್ನುತ್ತ ಮುತ್ಯಾಲಮ್ಮ ಗಂಟು ತಲೆಗೇರಿಸಿಕೊಂಡು, ಕಲ್ಲಿನ ಹಿಂದೆ ಆಗಲೇ ಕೆರೆಯ ಕಡೆ ನಡೆದಿದ್ದಳು.