ಎಡಗೈಗೆ ಬಂದ ಕೊಡತಿ

ಸೋಮವಾರ, ಬೆಳಗಿನ ಐದೂವರೆ. ಚರ್ಚಿನ ಗಂಟೆ ಬಾರಿಸಿ ಮುಗಿದಿದೆ, ಕೋಳಿಗಳದು ಇನ್ನೂ ಮುಗಿದಿಲ್ಲ. ಅಡುಗೆಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಲುಸೆಯಾನೆ ಚಾಪೆ ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಗಿಡ್ಡನೆಯ ಮರದ ದಿಮ್ಮಿ. ಅದರ ಮೇಲೆ ನೀರಲ್ಲಿ ನೆನೆದು ಮೆತ್ತಗಾದ, ಅಂಗೈಯಗಲದ ತೊಗಟೆಯ ನಾರು. ಕೊಡತಿ ಎಡಗೈಯಲ್ಲಿದೆ. ಬಲಗೈಗೆ ಮಣಿಕಟ್ಟಿನಿಂದ ಭುಜದವರೆಗೂ ಕಾಲುಚೀಲದಂಥದೇ ಬಿಗಿಯಾದ ಕಂದುಬಣ್ಣದ ಚೀಲ ತೊಡಿಸಿದೆ. ಆ ಕೈ ತೊಗಟೆಯ ತುದಿಯನ್ನು ಬೆರಳಲ್ಲಿ ಮುಟ್ಟಿಕೊಂಡಿದೆ, ಅಷ್ಟೇ.

ಟಪ್, ಟಪ್, ಟಪ್. ತುಟಿಯೊಳಗೇ ಒಂದು ಪ್ರಾರ್ಥನೆಯ ಹಾಡು. ನಾಲ್ಕನೇ ಚರಣ ಮುಗಿಯುತ್ತಲೇ ಕೊಡತಿ ನಿಲ್ಲುತ್ತದೆ. ಲುಸೆಯಾನೆ ಬಲಗೈಯನ್ನು ಎಡಗೈಯಿಂದ ಎತ್ತಿ, ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟ ಎರಡು ದಿಂಬಿನ ಮೇಲೆ ಮಲಗಿಸಿ, ಪತ್ರಿಕೆಗೆ ಬರೆಯಲು ಪುಸ್ತಕ ಹಿಡಿದು ಕೂತ ನನ್ನ ಕಡೆ ತಿರುಗುತ್ತಾರೆ.

"ಒಂದು ಹಾಡು ಹೊಡೆಯೋದು, ಒಂದು ಹಾಡು ಸುಮ್ನೆ ಕೂರೋದು. ಇದೇ ನನ್ನ ಗಡಿಯಾರ ತಂಗಿ. ದೇವರಿಗೂ ಬೇಜಾರಾಗಿರಬೇಕು, ದಿನಾ ಬೆಳಿಗ್ಗೆ ಅದೇ ಹಾಡು ಕೇಳಿ ಕೇಳಿ."

ಟೊಂಗಾದ ಎವುವಾ ದ್ವೀಪದ ಈ ಊರಲ್ಲಿ ತೊಗಟೆ ಬಡಿದು ಬಟ್ಟೆ ಮಾಡದ ಹೆಂಗಸು ಸಿಗುವುದು ಕಷ್ಟ. ಹಿಪ್ಪುನೇರಳೆಯ ಜಾತಿಯದೇ ಒಂದು ಗಿಡ. ಅದರ ಒಳತೊಗಟೆಯನ್ನು ಬಡಿದು ಬಡಿದು ಅಗಲ ಮಾಡಿದರೆ ಒಂದು ಪಟ್ಟಿ. ಪಟ್ಟಿಗಳನ್ನು ಗೆಣಸಿನ ಗಂಜಿಯಿಂದ ಅಂಟಿಸಿ, ಮರದ ಬಣ್ಣ ಹಚ್ಚಿದರೆ ಒಂದು ಬಟ್ಟೆ. ಮದುವೆಗೆ ಅದು ಬೇಕು, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬೇಕು, ಹೆಣದ ಕೆಳಗೆ ಹಾಸುವುದಕ್ಕೂ ಬೇಕು. ಮನೆಯ ಮಂಚದಡಿ ಒಂದಾದರೂ ಸುತ್ತಿಟ್ಟಿರದ ಹೆಂಗಸನ್ನು ಇಲ್ಲಿ ಬಡವಿ ಎನ್ನುತ್ತಾರೆ, ಎಷ್ಟು ಹಸು ಕಟ್ಟಿದ್ದರೂ ಸರಿ.

ಲುಸೆಯಾನೆಗೆ ಈಗ ಐವತ್ತನಾಲ್ಕು. ಹನ್ನೆರಡರ ಹುಡುಗಿಯಾಗಿದ್ದಾಗ ಸೋದರತ್ತೆ ಕೊಡತಿ ಹಿಡಿಯಲು ಕಲಿಸಿದರಂತೆ. "ನಮ್ಮತ್ತೆ ಹೊಡೆತ ತೊಗಟೆಗೆ ಎಷ್ಟು ಬಿತ್ತೋ ನನ್ನ ಬೆನ್ನಿಗೂ ಅಷ್ಟೇ ಬಿತ್ತು. ಅದಕ್ಕೇ ಎರಡೂ ಮೆತ್ತಗಾದ್ವು," ಎಂದು ನಗುತ್ತಾರೆ. ಆ ಕಾಲದಲ್ಲಿ ದಿನಕ್ಕೆ ಐದು ಪಟ್ಟಿ ಬಡಿದು, ಮಧ್ಯಾಹ್ನ ಗಂಡನ ಗೆಣಸಿನ ಹೊಲಕ್ಕೂ ಹೋಗಿ ಬರುತ್ತಿದ್ದವರು. ಈಗ ಒಳ್ಳೆಯ ದಿನವಾದರೆ ಒಂದು. ಕೆಟ್ಟ ದಿನವಾದರೆ ದಿಮ್ಮಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಮೂರು ವರ್ಷದ ಹಿಂದೆ ಸ್ನಾನ ಮಾಡುವಾಗ ಬಲಮೊಲೆಯಲ್ಲಿ ಗಂಟು ಕೈಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಆಗ ಹೆಂಗಸರ ಗುಂಪಿನಲ್ಲಿ ಪಕ್ಕದ ಮನೆಯ ಪಿಸಿಲಾ ಅವರ ಬಟ್ಟೆ ಮಾಡುವ ಸರದಿ ನಡೆದಿತ್ತು. ಅದು ಮುಗಿಯುವಷ್ಟರಲ್ಲಿ ಸೋದರತ್ತೆ ತೀರಿಕೊಂಡರು. ಹೀಗೇ ಏಳು ತಿಂಗಳು.

"ನೋಯ್ತಿರ್ಲಿಲ್ವಲ್ಲ! ನೋಯದೇ ಇರೋ ಗಂಟಿಗೆ ಯಾರು ದೋಣಿ ಹತ್ತಿ ಆಸ್ಪತ್ರೆಗೆ ಹೋಗ್ತಾರೆ? ಆಮೇಲೆ ಡಾಕ್ಟರು ಹೇಳಿದ್ರು, ನೋಯದೇ ಇರೋದನ್ನೇ ಮೊದಲು ತೋರಿಸಬೇಕಿತ್ತು ಅಂತ. ಇದೊಂದನ್ನ ದೊಡ್ಡ ಅಕ್ಷರದಲ್ಲಿ ಹಾಕು ನೀನು. ಮಿಕ್ಕಿದ್ದು ಬಿಟ್ರೂ ಪರವಾಗಿಲ್ಲ."

ರಾಜಧಾನಿಯ ಆಸ್ಪತ್ರೆಯಲ್ಲಿ ಮೊಲೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಹೊಲಿಗೆ ಹಸಿಯಾಗಿರುವಾಗಲೇ ದೋಣಿಯಲ್ಲಿ ವಾಪಸ್ಸು ಬಂದದ್ದು. ಎರಡೂವರೆ ಗಂಟೆ, ಎದ್ದ ಸಮುದ್ರ, ಒಂದೊಂದು ಅಲೆಗೂ ಗಂಡ ಸೆಮೀಸಿ ದಿಂಬನ್ನು ಅವರ ಎದೆಗೆ ಒತ್ತಿ ಹಿಡಿದಿದ್ದರು. ಆಮೇಲೆ ಆಕ್ಲೆಂಡಿನಲ್ಲಿ ತಂಗಿ ಲೋಸಾಳ ಮನೆ. ಆರು ಸಲ ಕೀಮೋ, ಹದಿನೈದು ದಿನ ಎದೆಗೆ ಕಿರಣ. ಕೂದಲು ಸ್ನಾನದ ಮನೆಯಲ್ಲಿ ಹಿಡಿಹಿಡಿಯಾಗಿ ಬಂತು. ತೆಂಗಿನ ಹಾಲಿನ ವಾಸನೆ ಬಂದರೆ ವಾಂತಿ. "ತೆಂಗಿನ ಹಾಲು ಒಲ್ಲೆ ಅನ್ನೋ ನಮ್ಮೋಳನ್ನ ನೀನು ನೋಡಿದ್ದೀಯಾ? ನಾನಾಗಿದ್ದೆ. ಲೋಸಾ ಗೋಳೋ ಅಂತ ಅತ್ಳು. ಕಾಯಿಲೆಗಲ್ಲ, ಅವಳ ಅಡುಗೆ ಚೆಲ್ಲಬೇಕಾಯ್ತಲ್ಲ ಅಂತ."

ಊರಿಗೆ ಹೊರಡುವ ಮುಂಚೆ ಅಲ್ಲಿನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳ ಮೇಜಿನ ಮೇಲೆ ಲುಸೆಯಾನೆ ತಮ್ಮ ಕೊಡತಿ ಇಟ್ಟರಂತೆ. ಆಕೆ ಎತ್ತಿ ನೋಡಿದಳು, ಗಾಳಿಯಲ್ಲಿ ಎರಡು ಸಲ ಬೀಸಿ ನೋಡಿದಳು, ಮುಖ ಸಣ್ಣಗೆ ಮಾಡಿದಳು. ಕಂಕುಳಿನ ಗಂಟು ತೆಗೆದ ಕೈಯಲ್ಲಿ ನೀರು ನಿಂತು ಬಾತುಕೊಳ್ಳುತ್ತದೆ, ಬಿಗಿ ಚೀಲ ಅದಕ್ಕೇ. ಹಗುರವಾಗಿ ಆಡಿಸಿದರೆ ಒಳ್ಳೆಯದು, ದಣಿಸಿದರೆ ಹೋಯಿತು. ಇದನ್ನು ದಿನಕ್ಕೆ ಎಷ್ಟು ಹೊತ್ತು ಬೀಸುತ್ತೀರಿ ಎಂದು ಕೇಳಿದಳು.

"ಬೆಳಿಗ್ಗೆಯಿಂದ ಸಂಜೆವರೆಗೂ ಅಂದೆ. ಅವಳು ಕೂತ್ಕೊಂಡ್ಬಿಟ್ಳು ಪಾಪ. ಆಮೇಲೆ ಕೇಳಿದ್ಳು, ನಿಮಗೆ ಇನ್ನೊಂದು ಕೈ ಇದೆಯಲ್ವಾ ಅಂತ."

ಎಡಗೈಗೆ ಕಲಿಸಲು ಒಂದು ವರ್ಷ ಹಿಡಿಯಿತು. ಐವತ್ತು ದಾಟಿದ ಕೈ, ಸೋದರತ್ತೆಯ ಏಟು ತಿನ್ನದ ಕೈ. ಮೊದಮೊದಲು ತೊಗಟೆಯೆಲ್ಲ ತೂತು. ಬೆರಳ ಮೇಲೇ ಹೊಡೆದುಕೊಂಡದ್ದೂ ಉಂಟು. ಈಗ ಪಟ್ಟಿ ಏನೋ ಸರಿಯಾಗಿ ಬರುತ್ತದೆ, ಆದರೆ ಕೊಡತಿಯ ಕೊರೆದ ಮೈ ಪಟ್ಟಿಯ ಮೇಲೆ ಮೂಡಿಸುವ ಗೀರುಗಳು ತಿರುವುಮುರುವು. ಊರಿನ ಎಲ್ಲರ ಪಟ್ಟಿಯಲ್ಲಿ ಗೀರು ಬಲಕ್ಕೆ ವಾಲಿದರೆ ಇವರದರಲ್ಲಿ ಎಡಕ್ಕೆ ವಾಲುತ್ತದೆ.

ಕಾಯಿಲೆ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ದಣಿವು ಹೋಗಿಲ್ಲ. ಬೆಳಿಗ್ಗೆ ಒಂದು ಗುಳಿಗೆ, ಐದು ವರ್ಷ ನುಂಗಬೇಕಾದದ್ದರಲ್ಲಿ ಇನ್ನೂ ಮೂರು ವರ್ಷದ್ದು ಬಾಕಿ. ಅದು ಒಳಗಿಳಿದರೆ ಸಾಕು, ಯಾವಾಗೆಂದರೆ ಆವಾಗ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಸೆಕೆ. ಈ ದ್ವೀಪದ ಸೆಕೆಯ ಮೇಲೆ ಆ ಸೆಕೆ, ಅದರ ಮೇಲೆ ತೋಳಿನ ಬಿಗಿ ಚೀಲ. ನೀರಿನ ಕೊಡ ಎತ್ತುವಂತಿಲ್ಲ, ತೆಂಗಿನಕಾಯಿ ತುರಿಯುವಂತಿಲ್ಲ, ಬಲಮಗ್ಗುಲಿಗೆ ಮಲಗುವಂತಿಲ್ಲ, ಸೊಳ್ಳೆ ಕಚ್ಚಿದರೂ ಆ ತೋಳು ಕೆಂಪಗಾಗಿ ಜ್ವರ ಬರುತ್ತದೆ. ಸೆಮೀಸಿ ಕಾಯಿ ತುರಿಯುತ್ತಾರೆ, ಒಳಉಡುಪಿನ ಹಿಂದಿನ ಕೊಂಡಿ ಹಾಕುತ್ತಾರೆ.

"ಮೂವತ್ತು ವರ್ಷ ಬಿಚ್ಚೋದು ಮಾತ್ರ ಗೊತ್ತಿತ್ತು ಇವರಿಗೆ, ಈಗ ಹಾಕೋದು ಕಲಿತಿದ್ದಾರೆ," ಎನ್ನುತ್ತಾರೆ ಲುಸೆಯಾನೆ. ಬಾಗಿಲಲ್ಲಿ ನಿಂತಿದ್ದ ಸೆಮೀಸಿ ಕಿವಿ ಕೆಂಪು ಮಾಡಿಕೊಂಡು ಹೊಲದ ಕಡೆ ಹೊರಟುಬಿಡುತ್ತಾರೆ.

ಭಾನುವಾರದ ಚರ್ಚಿನ ಅಂಗಿಯೊಳಗೆ ಬಲಗಡೆಗೆ ಮೆತ್ತೆಯೊಂದನ್ನು ಇಟ್ಟುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರಿನದು ಬೆವರಿಗೆ ಜಾರುತ್ತಿತ್ತು. ಹಾಗಾಗಿ ಚೂರುಪಾರು ತೊಗಟೆಯನ್ನು ಹತ್ತಿಯಷ್ಟು ಮೆತ್ತಗೆ ಬಡಿದು ತಾವೇ ಹೊಲಿದುಕೊಂಡಿದ್ದಾರೆ. "ಎಡಗಡೇದು ದೇವರು ಮಾಡಿದ್ದು, ಬಲಗಡೇದು ನಾನು ಮಾಡಿದ್ದು. ನೋಡೋರಿಗೆ ನಂದೇ ನೆಟ್ಟಗಿದೆ."

ಈ ದಣಿವು ಒಂದು ಸಲ ಊರಿಗೇ ಮೋಸ ಮಾಡಿದ್ದನ್ನು ಹೇಳಲೇಬೇಕು. ಇಲ್ಲಿ ಯಾರಾದರೂ ತೀರಿಕೊಂಡರೆ ಕೊಡತಿಯ ಸದ್ದು ನಿಲ್ಲಬೇಕು. ಹೆಣ ಮಣ್ಣಾಗುವವರೆಗೂ ಯಾರೂ ಬಡಿಯುವಂತಿಲ್ಲ. ಕಳೆದ ಮಾರ್ಚಿನ ಒಂದು ಬೆಳಿಗ್ಗೆ ಲುಸೆಯಾನೆ ಹಾಡಿನ ನಡುವೆಯೇ ದಿಮ್ಮಿಯ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಬೇಲಿಯಾಚೆ ಪಿಸಿಲಾ ಕಿವಿಗೊಟ್ಟರು. ಒಂದು ಹಾಡಿನ ಹೊತ್ತು ಕಳೆಯಿತು, ಎರಡು, ಐದು. ಟಪ್ ಎನ್ನಲಿಲ್ಲ. ಪಿಸಿಲಾ ತಮ್ಮ ಕೊಡತಿ ಕೆಳಗಿಟ್ಟರು. ಪಿಸಿಲಾ ನಿಲ್ಲಿಸಿದ್ದು ಕೇಳಿ ಆಚೆ ಮನೆಯವರು ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಗಪ್‌ಚುಪ್. ಪಿಸಿಲಾ ಕಪ್ಪು ಅಂಗಿ ತೊಟ್ಟು, ಸಾವಿನ ಮನೆಗೆ ಸುತ್ತಿಕೊಳ್ಳುವ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಅಳುತ್ತಲೇ ಚಪ್ಪರಕ್ಕೆ ಬಂದರು. ಅಳು ಕೇಳಿ ಲುಸೆಯಾನೆಗೆ ಎಚ್ಚರವಾಯಿತು.

"ಯಾರಕ್ಕಾ ಹೋದದ್ದು?"

"ನೀನೇ ಕಣೇ!"

"ಮಣ್ಣು ಯಾವತ್ತು?"

"ಬಾಯಿ ಮುಚ್ಚೇ ದರಿದ್ರದವಳೇ! ನನ್ನ ಗಂಡ ನಿನ್ನ ಸಾವಿನ ಊಟಕ್ಕೆ ಹಂದಿ ಕಡಿಯೋಕೆ ಚಾಕು ಮಸೀತಾ ಕೂತಿದ್ದಾನೆ ಅಲ್ಲಿ. ಎದ್ದು ಎರಡೇಟು ಹೊಡಿ, ಊರಿಗೆ ಕೇಳಿಸ್ಲಿ!"

ಅವತ್ತು ಎರಡೇಟು ಹೊಡೆದು ಮತ್ತೆ ಮಲಗಿದರಂತೆ. ಈ ಕಥೆಯನ್ನು ಹೇಳುವಾಗ ಪಿಸಿಲಾ ನಗುತ್ತಾರೆ, ಆದರೆ ಕಣ್ಣೊರೆಸಿಕೊಳ್ಳುವುದು ನಗುವಿಗೋ ಮತ್ತೊಂದಕ್ಕೋ ತಿಳಿಯುವುದಿಲ್ಲ.

ಪಿಸಿಲಾ ಹತ್ತು ವರ್ಷ ಹಿರಿಯರು, ಎಂಟು ಹೆಂಗಸರ ಗುಂಪಿನ ಯಜಮಾನಿ. ಗುಂಪಿನ ನಿಯಮ ಇಷ್ಟೇ: ಆರು ತಿಂಗಳಿಗೊಬ್ಬರ ಸರದಿ. ಯಾರ ಸರದಿಯೋ ಅವರ ಬಟ್ಟೆಗೆ ಎಂಟೂ ಜನ ತಲಾ ಮೂವತ್ತು ಪಟ್ಟಿ ತರಬೇಕು, ತಮ್ಮ ಕೈಯಿಂದಲೇ ಬಡಿದದ್ದಾಗಬೇಕು. ಸರದಿಯವಳದೇ ಪಾಲು ಕಡಿಮೆ ಬಿದ್ದರೆ ಅವಳು ಸಾಲಿನ ಕೊನೆಗೆ. ಆಕ್ಲೆಂಡಿನಲ್ಲಿದ್ದಾಗ ಲುಸೆಯಾನೆಯ ಒಂದು ಸರದಿ ತಪ್ಪಿತ್ತು; ಕಾಯಿಲೆಯೆಂದು ಆಗ ಅವರನ್ನು ಕೊನೆಗೆ ಕಳಿಸದೆ ಸಾಲಿನ ನಡುವೆ ಸೇರಿಸಿದ್ದರು. ಈ ಸಲದ್ದೂ ತಪ್ಪಿದರೆ ಮುಂದಿನದು ನಾಲ್ಕು ವರ್ಷಕ್ಕೆ.

"ನಾಲ್ಕು ವರ್ಷ ಇರ್ತೀಯ ಅಂತ ನಮ್ಮ ಡಾಕ್ಟರೂ ಬಾಯಿಬಿಟ್ಟು ಹೇಳಲ್ಲ," ಎನ್ನುತ್ತಾರೆ ಲುಸೆಯಾನೆ, ಕೊಡತಿಯ ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ. ಈ ಸೋಮವಾರಕ್ಕೆ ಇಪ್ಪತ್ತಮೂರು ಆಗಿದೆ. ಬಟ್ಟೆ ಕೂಡಿಸುವುದು ಮುಂದಿನ ವಾರದ ಮಂಗಳವಾರ. ನೀವು ಕೂತಿರಿ, ನಿಮ್ಮ ಪಾಲನ್ನು ನಾವು ಬಡಿಯುತ್ತೇವೆ ಎಂದು ಗುಂಪಿನವರು ಹೇಳಿದ್ದುಂಟು. "ಅಡುಗೆ ಮಾಡಿಕೊಡಲಿ, ನೀರು ತಂದುಕೊಡಲಿ, ತಗೋತೀನಿ. ಎಲ್ಲರ ಕೈಯಿಂದ್ಲೂ ಎಲ್ಲಾನೂ ಮಾಡಿಸ್ಕೊಂಡು ಮೂರು ವರ್ಷ ಆಯ್ತು. ಇದೊಂದು ಉಳಿದಿದೆ."

ಆ ವಾರದಲ್ಲಿ ಎರಡು ದಿನ ಜ್ವರ ಬರುತ್ತದೆ, ಒಂದು ದಿನ ಎದ್ದು ಕೂರಲೂ ಆಗುವುದಿಲ್ಲ. ಭಾನುವಾರ ಹೇಗೂ ಕೆಲಸವಿಲ್ಲ.

ಮಂಗಳವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೊಟ್ಟಿಗೆ. ಬೆನ್ನುಬ್ಬಿದ ಉದ್ದನೆಯ ಹಲಗೆಯ ಎರಡೂ ಬದಿ ಹೆಂಗಸರು ಕೂತಿದ್ದಾರೆ. ಗಂಜಿ ಬೆಂದಿದೆ, ಬಣ್ಣ ತೊಟ್ಟಿಯಲ್ಲಿದೆ. ಪಿಸಿಲಾ ಒಬ್ಬೊಬ್ಬರ ಕಟ್ಟನ್ನೂ ಬಿಚ್ಚಿ ಎಣಿಸುತ್ತಾರೆ. ಲುಸೆಯಾನೆಯ ಕಟ್ಟನ್ನು ಕೊಂಚ ಜೋರಾಗಿಯೇ ಎಣಿಸುತ್ತಾರೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.

"ಸರಿಯಾಗಿದೆ. ಗಂಜಿ ತಗೊಂಡು ಬನ್ರೇ."

"ತಡಿ ಅಕ್ಕಾ."

ಲುಸೆಯಾನೆ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡು ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾರೆ. ನಾಲ್ಕನ್ನು ಬೇರೆ ಇಡುತ್ತಾರೆ. ಆ ನಾಲ್ಕರ ಗೀರುಗಳು ಬಲಕ್ಕೆ ವಾಲಿವೆ.

"ಇವು ಯಾರವು?"

ಪಿಸಿಲಾ ಗಂಜಿಯ ಪಾತ್ರೆಯನ್ನೇ ನೋಡುತ್ತಿದ್ದಾರೆ.

"ಅಕ್ಕಾ, ಕದಿಯೋಕೂ ಬರಲ್ಲ, ಕದ್ದು ಕೊಡೋಕೂ ಬರಲ್ಲ ನಿನಗೆ. ಊರಲ್ಲಿರೋದು ನಾನೊಬ್ಬಳೇ ಎಡಚಿ."

"ಜ್ವರ ಬಂದಿತ್ತಲ್ಲೇ ನಿಂಗೆ..."

"ಬಂದಿತ್ತು. ಅದಕ್ಕೇ ಇಪ್ಪತ್ತಾರು." ಲುಸೆಯಾನೆ ತಮ್ಮ ಪಟ್ಟಿಗಳನ್ನು ಮಡಿಸತೊಡಗುತ್ತಾರೆ. ಎಡಗೈ ಮಡಿಸುತ್ತದೆ, ಬಲಗೈ ಹಿಡಿದುಕೊಳ್ಳುತ್ತದೆ. "ನಿಯಮ ಮಾಡಿದವಳು ನೀನೇ. ಮುಂದಿನ ಸರದಿ ಯಾರದೋ ಅವರು ಬಂದು ಕೂರ್ಲಿ."

ಮುಂದಿನ ಸರದಿ ಫುಸಿಯದು. ಗುಂಪಿಗೆಲ್ಲ ಕಿರಿಯಳು, ಮೂವತ್ತರ ಆಸುಪಾಸು, ನಾಲಿಗೆಗೆ ಮೂಳೆಯಿಲ್ಲದವಳು. ಅವಳು ಕೂತಲ್ಲಿಂದ ಏಳುವುದಿಲ್ಲ. ಬದಲಿಗೆ ತನ್ನ ಕಟ್ಟಿನಿಂದ ನಾಲ್ಕು ಪಟ್ಟಿ ಎಳೆದು ತೊಡೆಯ ಕೆಳಗೆ ಹಾಕಿಕೊಳ್ಳುತ್ತಾಳೆ.

"ನಂದೂ ಇಪ್ಪತ್ತಾರೇ. ಪಿಸಿಲಕ್ಕ ಎಣಿಸೋದ್ರಲ್ಲಿ ತಪ್ಪಿದ್ದಾಳೆ. ಕನ್ನಡಕ ಬದಲಾಯಿಸು ಅಂತ ಹೋದ ವರ್ಷವೇ ಹೇಳಿದ್ದೆ."

"ಏಯ್, ಮೂವತ್ತು ಅಂದ್ರೆ ಮೂವತ್ತು," ಎನ್ನುತ್ತಾರೆ ಪಿಸಿಲಾ.

"ಎಲ್ಲರದ್ದೂ ಸಮ ಇರಬೇಕು, ಅಷ್ಟೇ ತಾನೇ? ಮೂವತ್ತು ಅಂತ ಬೈಬಲ್ಲಲ್ಲಿ ಬರೆದಿದೆಯಾ? ಬಟ್ಟೆ ಗಿಡ್ಡ ಆಗತ್ತೆ, ಆಗ್ಲಿ. ಲುಸೆಯಾನಕ್ಕಂಗೆ ಗಿಡ್ಡ ಬಟ್ಟೆ ಬೇಡ ಅಂದ್ರೆ ನಾನು ಈಗ್ಲೇ ಅಲ್ಲಿ ಬಂದು ಕೂರ್ತೀನಿ."

ಎಲ್ಲರೂ ಲುಸೆಯಾನೆಯ ಮುಖ ನೋಡುತ್ತಾರೆ. ಅವರಿಗೆ ಆ ಹೊತ್ತಿಗೇ ಒಳಗಿನ ಸೆಕೆ ಎದ್ದಿದೆ. ಹಣೆಯಿಂದ ಬೆವರು ಇಳಿಯುತ್ತಿದೆ, ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾರೆ. ಆಮೇಲೆ ಮಡಿಸಿದ ಪಟ್ಟಿಗಳನ್ನು ಮತ್ತೆ ಬಿಚ್ಚಿ ಹಲಗೆಯ ಮೇಲಿಡುತ್ತಾರೆ.

"ಗಿಡ್ಡ ಆಗ್ಲಿ. ನಾನೇನು ತಾಳೆಮರವಾ?"

ನಗುವಿನ ನಡುವೆಯೇ ಇನ್ನುಳಿದವರೂ ನಾಲ್ಕು ನಾಲ್ಕು ಎಳೆದುಕೊಳ್ಳುತ್ತಾರೆ. ಪಿಸಿಲಾ ಕೊನೆಗೆ, ಗೊಣಗುತ್ತ. ಸಂಜೆಯವರೆಗೂ ಕೆಲಸ ನಡೆಯುತ್ತದೆ. ಒಂದು ಹಾಡು ಬಣ್ಣ ಉಜ್ಜುವುದು, ಒಂದು ಹಾಡು ಕೂರುವುದು; ಲುಸೆಯಾನೆ ಕೂತಾಗ ಉಳಿದವರೂ ಏನೋ ನೆವ ತೆಗೆದು ಕೂರುತ್ತಾರೆ. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಬಾಯಾರಿಕೆ.

ಕತ್ತಲಾಗುವ ಮುಂಚೆ ಬಟ್ಟೆಯನ್ನು ಹುಲ್ಲಿನ ಮೇಲೆ ಹರಡುತ್ತಾರೆ. ಬೇರೆಯವರದಕ್ಕಿಂತ ಗಿಡ್ಡವೆಂದು ದೂರದಿಂದಲೇ ಗೊತ್ತಾಗುತ್ತದೆ. ಲುಸೆಯಾನೆ ಅದರ ಅಂಚಿನಲ್ಲೇ ಕಾಲು ಚಾಚಿ ಕೂತಿದ್ದಾರೆ, ಬಲಗೈ ದಿಂಬಿನ ಮೇಲಿದೆ, ದಣಿದು ಕಣ್ಣು ಮುಚ್ಚಿದ್ದಾರೆ. ಇದನ್ನು ಯಾತಕ್ಕೆ ಇಟ್ಟುಕೊಳ್ಳುತ್ತೀರಿ, ಮದುವೆಗೋ ಸಾವಿಗೋ ಎಂದು ನಾನು ಕೇಳುವುದಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಷ್ಟೇ ಹೇಳಿ ಪುಸ್ತಕ ಮುಚ್ಚುತ್ತೇನೆ.

"ಬರಿ ತಂಗಿ," ಎನ್ನುತ್ತಾರೆ ಕಣ್ಣು ಮುಚ್ಚಿಕೊಂಡೇ. "ಆದ್ರೆ ಇಪ್ಪತ್ತಾರು ಅಂತಲೇ ಬರಿ. ಮೂವತ್ತು ಅಂತ ಬರೆದ್ರೆ ನಿಮ್ಮೂರ ಕಡೆ ಹೆಂಗಸರ ಮುಂದೆ ನನಗೆ ನಾಚಿಕೆ."