ನನ್ನ ತಂಗಿ ಹಾಕಿದ ಮತ

ಒಮಾನ್ ದೇಶದ ಸೀಬ್‌ನ ಭಾರತೀಯ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುವವಳು ನಾನು. ಅಧಿಕಾರ ಹಂಚಿಕೆಯ ಪಾಠದಲ್ಲಿ ಯುರೋಪಿನ ಒಕ್ಕೂಟದ ಮಾತು ಬಂದರೆ ಸಾಕು, ಬ್ರಿಟನ್ ಅದನ್ನು ಬಿಟ್ಟದ್ದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ ಬೋರ್ಡಿನ ತುಂಬ ಬರೆದು ವಿವರಿಸುತ್ತಿದ್ದೆ. ಈಗ, ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಮುಂದಿನ ಪುಟಕ್ಕೆ ಹೋಗುತ್ತೇನೆ. ಸುಳ್ಳೇನಲ್ಲ, ಪರೀಕ್ಷೆಗೆ ಬರುವುದಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ನಾವು ಕಾರವಾರದವರು. ಗಂಡನ ಮನೆಯೂ ಅಲ್ಲೇ, ಆದರೆ ಮಾವ ಹುಟ್ಟಿದ್ದು ಗಡಿಯಾಚೆಯ ಕಾಣಕೋಣದಲ್ಲಿ, ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಹಾಗೆ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಕೇಳಿದರೆ ಪೋರ್ಚುಗಲ್ ತನ್ನ ಪೌರತ್ವ ಕೊಡುತ್ತದೆ. ಪೋರ್ಚುಗಲ್ ಯಾರಿಗೆ ಬೇಕಿತ್ತು! ಆ ಪಾಸ್‌ಪೋರ್ಟ್ ಇದ್ದರೆ ಒಕ್ಕೂಟದ ಯಾವ ದೇಶಕ್ಕಾದರೂ, ಅಂದರೆ ಇಂಗ್ಲೆಂಡಿಗೂ, ಹೆಂಡತಿ ಮಕ್ಕಳ ಸಮೇತ ಹೋಗಿ ನೆಲೆಸಬಹುದಿತ್ತು. ಗಂಡನ ಅಣ್ಣ ಹಾಗೆಯೇ ಹೋಗಿ ಅಲ್ಲಿ ಬಸ್ ಓಡಿಸುತ್ತಿದ್ದರು. ನನ್ನ ತಂಗಿ ಹೋದದ್ದು ಬೇರೆ ದಾರಿಯಲ್ಲಿ. ಅವಳು ನರ್ಸ್. ಭಾರತದ ಪಾಸ್‌ಪೋರ್ಟಿನಲ್ಲೇ, ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಮತ್ತೆ ಕೂತು, ಅಲ್ಲಿನ ಆಸ್ಪತ್ರೆಯೊಂದನ್ನು ಸೇರಿದ್ದಳು.

"ಭಾವನೂ ಆ ಪಾಸ್‌ಪೋರ್ಟ್ ಮಾಡಿಸ್ಲಿ ಅಕ್ಕ. ಗಲ್ಫಿನವರು ಕೆಲಸ ಮುಗಿದ ದಿನ ಖಲಾಸ್ ಅಂತಾರೆ, ಆಮೇಲೆ ಎಲ್ಲಿಗೆ ಹೋಗ್ತೀರಿ? ಇಲ್ಲಿಗೆ ಬನ್ನಿ, ಒಂದೇ ಬೀದಿಯಲ್ಲಿ ಇರುವ."

ಮಸ್ಕತ್ತಿನ ಅಜೈಬಾದ ನಮ್ಮ ಮನೆಗೆ ಫೋನ್ ಮಾಡಿದಾಗಲೆಲ್ಲ ಇದೇ ರಾಗ. ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಒಂದೇ ಬೀದಿ ಎಂಬ ಮಾತಿಗೆ ಸೋತುಹೋದೆ. ಗಂಡನನ್ನು ಒಪ್ಪಿಸಿದೆ, ಅವರು ಅರ್ಜಿ ಹಾಕಿದರು.

ಒಕ್ಕೂಟದಲ್ಲಿ ಇರುವುದೋ ಬಿಡುವುದೋ ಎಂದು ಬ್ರಿಟನ್ ತನ್ನ ಜನರನ್ನು ಕೇಳಿದಾಗ ಆ ಅರ್ಜಿ ಲಿಸ್ಬನ್ನಿನಲ್ಲಿ ಕೂತಿತ್ತು. ಬಿಡೋಣ ಎಂದವರು ಗೆದ್ದರು. ಆದರೂ ಕೆಲವು ವರ್ಷ ಬಾಗಿಲು ತೆರೆದಿರುತ್ತದೆ ಎಂದರು, ನಂಬಿದೆವು. ಕೊನೆಗೊಮ್ಮೆ ಪೋರ್ಚುಗಲ್ಲಿನ ಪೌರತ್ವ ಬಂತು, ಬಂದ ಕ್ಷಣವೇ ಭಾರತದ್ದು ಹೋಯಿತು. ನಮ್ಮ ಸಂವಿಧಾನದಲ್ಲಿ ಎರಡು ದೋಣಿಯಲ್ಲಿ ಕಾಲಿಡಲು ಅವಕಾಶವಿಲ್ಲ, ಅದನ್ನು ಮಕ್ಕಳಿಗೆ ಹೇಳಿಕೊಡುವವಳೂ ನಾನೇ. ಹಳೆಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ ಬಂದ ದಿನ ಗಂಡ ಊಟ ಮಾಡಲಿಲ್ಲ. ಅವರು ರುಸೈಲಿನ ಪೇಂಟ್ ಕಾರ್ಖಾನೆಯಲ್ಲಿದ್ದಾರೆ. ಮಸ್ಕತ್ತಿನ ಕಡಲಂಚಿನಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಗಳಿವೆಯಲ್ಲ, ಅವನ್ನು ನೆನೆಸಿ ಅವರ ಒಮಾನಿ ಮೇಲಧಿಕಾರಿ, ನಿಮ್ಮನ್ನು ನಮ್ಮ ಅಜ್ಜಂದಿರು ಒಮ್ಮೆ ಓಡಿಸಿದ್ದರು, ಮತ್ತೆ ಬಂದಿರಾ ಎಂದು ನಗಾಡಿದನಂತೆ. ಇವರೂ ನಕ್ಕರಂತೆ.

ಹೊರಡಬೇಕೆಂದ ವರ್ಷವೇ ಕೊರೋನಾ ಬಂತು. ವಿಮಾನಗಳು ನಿಂತವು, ಅವು ಮತ್ತೆ ಹಾರತೊಡಗಿದಾಗ ಕಂಪನಿ ಇವರನ್ನು ಬಿಡಲಿಲ್ಲ. ಆ ಡಿಸೆಂಬರ್ ಕೊನೆಗೆ ಬಾಗಿಲು ಮುಚ್ಚಿತು. ಅಷ್ಟರೊಳಗೆ ಅಲ್ಲಿ ವಾಸವಿದ್ದವರ ಹಕ್ಕನ್ನು ಬ್ರಿಟನ್ ಒಕ್ಕೂಟದೊಡನೆ ಮಾಡಿಕೊಂಡ ಒಪ್ಪಂದ ಉಳಿಸಿತು, ಮಸ್ಕತ್ತಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತವರದ್ದು ಹೋಯಿತು. ಒಂದೇ ತಂದೆಯ ಮಕ್ಕಳು, ಒಂದೇ ಪಾಸ್‌ಪೋರ್ಟು, ಅಣ್ಣ ಒಳಗೆ, ತಮ್ಮ ಹೊರಗೆ. ಕಣ್ಣಾರೆ ಕಾಣದ ಒಂದು ದೇಶಕ್ಕೆ ವರ್ಷಗಟ್ಟಲೆ ಹಿಡಿಶಾಪ ಹಾಕಿದೆ.

ಕಳೆದ ಚಳಿಗಾಲದಲ್ಲಿ ತಂಗಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿದಳು. ಮಧ್ಯಾಹ್ನ ಬಂಗಡೆ ಸಾರು ಮಾಡಿದ್ದೆ. ಊಟದ ನಡುವೆ ಗಂಡ ತಮಾಷೆಗೆ ಎಂಬಂತೆ ಹೇಳಿದರು: "ನಮ್ಮಣ್ಣ ಅಷ್ಟು ವರ್ಷ ಅಲ್ಲಿ ಟ್ಯಾಕ್ಸ್ ಕಟ್ಟಿದ, ಇರುವುದೋ ಬಿಡುವುದೋ ಅಂತ ಕೇಳಿದಾಗ ಅವನಿಗೇ ಓಟಿಲ್ಲ. ಯುರೋಪಿನವ್ನು ಅಂತ ಹೊರಗಿಟ್ರು."

"ನಮಗಿತ್ತು," ಎಂದಳು ತಂಗಿ. "ಕಾಮನ್‌ವೆಲ್ತ್‌ನವರು ಅಲ್ಲಿ ವಾಸ ಇದ್ರೆ ಸಾಕು. ಭಾರತದ ಪಾಸ್‌ಪೋರ್ಟ್ ಇದ್ರೂ ಓಟು ಕೊಡ್ತಾರೆ."

ಪಾಠ ಮಾಡುವ ನನಗೇ ಇದು ಗೊತ್ತಿರಲಿಲ್ಲ. ಹಿಂದೆ ಅವರು ಆಳಿದವರ ಮೊಮ್ಮಕ್ಕಳಿಗೆ ಮತವುಂಟು, ಯಾರ ಬದುಕು ಅಲ್ಲಾಡುತ್ತದೋ ಅವರಿಗಿಲ್ಲ!

ನಮ್ಮಿಬ್ಬರ ಮಾತು ಕೊಂಕಣಿಯಲ್ಲಿ, ಜಗಳ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ನಾನು ಕನ್ನಡದಲ್ಲೇ ಕೇಳಿದೆ.

"ನೀ ಹಾಕಿದ್ಯಾ?"

"ಹಾಕಿದೆ."

"ಯಾವ ಕಡೆಗೆ?"

ಅವಳು ಮೀನಿನ ಮುಳ್ಳು ಬಿಡಿಸುತ್ತ ಕೂತಳು. ಮತ್ತೊಮ್ಮೆ ಕೇಳಿದೆ.

"ಹೊರಗೆ ಹೋಗ್ಲಿ ಅಂತ," ಎಂದಳು. "ನಾನು ಎಷ್ಟು ಸಲ ಆ ಪರೀಕ್ಷೆ ಬರೆದೆ, ನಿಂಗೆ ಗೊತ್ತುಂಟಲ್ಲ? ನಮ್ಮ ವಾರ್ಡಿಗೆ ರೊಮೇನಿಯಾದವಳು ಸೂಟ್‌ಕೇಸ್ ಹಿಡ್ಕೊಂಡು ಸೀದಾ ಬಂದ್ಲು. ಅವರ ಗೇಟು ಮುಚ್ಚಿದ್ರೆ ನಮ್ಮದು ತೆರೀತದೆ ಅಂದ್ರು. ತೆರೀತು ಸಹ. ಈಗ ವಾರ್ಡ್ ತುಂಬ ನಮ್ಮ ಹುಡುಗಿಯರೇ."

"ನಿನ್ನ ಭಾವನ ಅರ್ಜಿ?"

"ಭಾವನನ್ನು ನಾನು ಯುರೋಪಿನವರು ಅಂತ ಎಣಿಸ್ಲೇ ಇಲ್ಲ ಅಕ್ಕ."

ಅರ್ಜಿ ಹಾಕಿ ಎಂದು ಬೆನ್ನು ಬಿದ್ದವಳೇ ಇವಳು! ಅಟ್ಟಕ್ಕೆ ಹತ್ತಿಸಿ ಏಣಿ ಎಳೆದುಕೊಂಡಳು. ಆಮೇಲೆ, ವರ್ಷಗಟ್ಟಲೆ ನಾನು ಆ ದೇಶವನ್ನು ಬೈಯುವಾಗ ಫೋನಿನ ಆ ಕಡೆ ಕೂತು ಹೌದಕ್ಕ, ಹೌದಕ್ಕ ಎಂದಳು.

ಅಷ್ಟು ಲಕ್ಷ ಜನರ ನಡುವೆ ಅವಳದ್ದೊಂದು ಮತ ಯಾವ ಲೆಕ್ಕ ಎಂದರು ಗಂಡ. ಅವಳ ತಟ್ಟೆಗೆ ಇನ್ನೊಂದು ಬಂಗಡೆಯನ್ನೂ ಬಡಿಸಿದರು. ಪಾಸ್‌ಪೋರ್ಟ್ ಕಳೆದುಕೊಂಡವರು ಅವರು, ಕ್ಷಮಿಸಿದವರೂ ಅವರೇ. ನನ್ನಿಂದಾಗಲಿಲ್ಲ. ಬ್ರಿಟನ್ ನನಗೆ ಯಾವ ಮಾತೂ ಕೊಟ್ಟಿರಲಿಲ್ಲ. ಮಾತು ಕೊಟ್ಟವಳು ಇವಳು.

ಮರುದಿನ ಹೊರಡುವಾಗ ಬ್ಯಾಗನ್ನು ಬಾಗಿಲ ಬಳಿ ಇಟ್ಟು ನನ್ನ ಕೈ ಹಿಡಿದುಕೊಂಡಳು.

"ರಜೆಗೆ ಬಾ ಅಕ್ಕ. ಸುಮ್ಮನೆ ನೋಡಿ ಹೋಗ್ಲಿಕ್ಕೆ ಭಾವನಿಗೆ ವೀಸಾ ಬೇಡ. ನಿನಗೆ ಮಾತ್ರ ಬೇಕು, ನಾನು ಕರೆಯುವ ಕಾಗದ ಕಳಿಸ್ತೇನೆ."

"ನೆಂಟರ ಹಾಗೆ ಬಂದು ಹೋಗ್ಲಿಕ್ಕೆ ನಿನ್ನ ಮನೆಯೇ ಎಂತಕ್ಕೆ?" ಎಂದೆ.

ಅವಳ ಕಣ್ಣು ತುಂಬಿತು. ಕೈ ಬಿಡಿಸಿಕೊಂಡು, ಟ್ಯಾಕ್ಸಿ ಬಂತು, ಇಳಿ ಎಂದೆ. ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ.